ದಾವಣಗೆರೆ, ಚಿತ್ರದುರ್ಗದ ಬಿಸಿಲಲ್ಲಿ ಸೆಡಮ್ ಉಳಿಸಿಕೊಳ್ಳುವುದು ಹೇಗೆ: ಮಣ್ಣಿನಿಂದ ನೀರಿನವರೆಗೆ, ಕ್ರಮವಾಗಿ

ಒಂದೇ ದೂರು ಮತ್ತೆ ಮತ್ತೆ ಕೇಳುತ್ತಿದ್ದೇನೆ. ನವೆಂಬರಿನಲ್ಲಿ ನರ್ಸರಿಯಿಂದ ಸೆಡಮ್ ಎಂಬ ದುಂಡು, ರಸಭರಿತ ಎಲೆಯ ಅಲಂಕಾರದ ಗಿಡ ತಂದರು, ಫೆಬ್ರವರಿವರೆಗೆ ಚೆನ್ನಾಗಿತ್ತು, ಏಪ್ರಿಲ್ ಬಂತು ನೋಡಿ, ಮುಟ್ಟಿದರೆ ಎಲೆ ಉದುರಲು ಶುರುವಾಯಿತು, ಬುಡ ಕಪ್ಪಾಯಿತು, ಒಂದೇ ವಾರದಲ್ಲಿ ಗಿಡ ಹೋಯಿತು. "ದಿನಾ ನೀರು ಹಾಕ್ತಿದ್ದೆ, ಆದ್ರೂ ಸತ್ತೋಯ್ತು" ಅನ್ನುತ್ತಾರೆ. ಸಾವಿನ ಕಾರಣ ಆ ಮಾತಿನಲ್ಲೇ ಇದೆ.

ನನಗೂ ಹಾಗೇ ಆಗಿತ್ತು. ದಾವಣಗೆರೆಯ ನಮ್ಮ ತಾರಸಿ ಮೇಲೆ ಹನ್ನೊಂದು ಕುಂಡ ಇದ್ದವು, ಮೊದಲ ಬೇಸಿಗೆಯಲ್ಲಿ ಒಂಬತ್ತು ಹೋದವು. "ಗಿಡ ಒಣಗ್ತೈತಲ್ಲವ್ವ, ಒಂದು ಚೊಂಬು ನೀರು ಹಾಕು" ಅಂತ ಅತ್ತೆ ಹೇಳೋರು, ನಾನು ಹಾಕುತ್ತಿದ್ದೆ. ಒಂದು ದಿನ ಬುಡ ಹಿಡಿದು ಎತ್ತಿದೆ. ಕಾಂಡ ಕೈಗೆ ಬಂತು, ಬೇರು ಮಣ್ಣಿನಲ್ಲೇ ಉಳಿಯಿತು. ಮಣ್ಣಿಗೆ ಬೆರಳು ಹಾಕಿದರೆ ಮೇಲೆ ಹೊಟ್ಟಿನ ಹಾಗೆ ಒಣಗಿತ್ತು, ಎರಡು ಇಂಚು ಕೆಳಗೆ ಬೆಚ್ಚಗಿನ ಕೆಸರು. ಆ ಬೆಚ್ಚಗಿನ ಕೆಸರಿನಲ್ಲಿ ಬೇರು ಬೆಂದಂತಾಗಿತ್ತು.

ಕೆಳಗಿನ ಕ್ರಮ ಮುಖ್ಯ. ಹೆಚ್ಚಿನವರು ಗಿಡ ತಂದ ದಿನವೇ ಕುಂಡಕ್ಕೆ ಹಾಕಿ ನೀರು ಹುಯ್ಯುತ್ತಾರೆ. ಇಲ್ಲಿ ನೀರು ಕೊನೆಗೆ ಬರುತ್ತದೆ.

## ಮೊದಲು ಗಿಡದ ಸ್ವಭಾವ ತಿಳಿಯಿರಿ

ಸೆಡಮ್ ಮರುಭೂಮಿ ಗಿಡ ಅಂತ ಮಾರುತ್ತಾರೆ. ಪೂರ್ತಿ ನಿಜ ಅಲ್ಲ. ಸೆಡಮ್‌ಗಳಲ್ಲಿ ಬಹಳಷ್ಟು ಜಾತಿಗಳು ಬೆಟ್ಟಗಳ ಬಂಡೆ ಸಂದಿಯಲ್ಲಿ ಬೆಳೆಯುವಂಥವು. ನಾವು ನೇತುಹಾಕುವ ಡಾಂಕಿ ಟೇಲ್ ಎಂಬ ಸೆಡಮ್ ಮೆಕ್ಸಿಕೋದ್ದು. ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಮಳೆ ಬಂದರೆ ಬಂಡೆ ಮೇಲೆ ನೀರು ನಿಲ್ಲುವುದಿಲ್ಲ, ಹರಿದು ಹೊಂಡ ಸೇರುತ್ತದೆ. ಸಂದಿಯಲ್ಲಿ ಹಿಡಿಯಷ್ಟು ಮಣ್ಣು, ಜಲ್ಲಿ, ಒಂದಿಷ್ಟು ಒಣ ಎಲೆ. ನೆನೆಯುತ್ತದೆ, ಗಾಳಿಗೆ ಬೇಗ ಒಣಗುತ್ತದೆ. ನಿಮ್ಮ ಕುಂಡ ಆ ಸಂದಿಯ ಹಾಗಿರಬೇಕು.

ಒಣ ನಾಡಿನ ಗಿಡಗಳೆಲ್ಲ ಒಂದೇ ಉಪಾಯ ಮಾಡುವುದಿಲ್ಲ. ಬನ್ನಿ ಮರ ಬೇರನ್ನು ಆಳಕ್ಕೆ ಇಳಿಸಿ ನೀರು ಹುಡುಕುತ್ತದೆ. ಕೆಲವು ಸಣ್ಣ ಗಿಡಗಳು ಮಳೆ ಬಿದ್ದ ಕೂಡಲೇ ಹುಟ್ಟಿ, ಹೂ ಬಿಟ್ಟು, ಬೀಜ ಉದುರಿಸಿ ಮುಗಿಸಿಬಿಡುತ್ತವೆ, ಬರಗಾಲವನ್ನು ಬೀಜದ ರೂಪದಲ್ಲಿ ಕಳೆಯುತ್ತವೆ. ಪಾಪಾಸುಕಳ್ಳಿ ಎಲೆಯನ್ನೇ ಮುಳ್ಳು ಮಾಡಿಕೊಂಡು ಕಾಂಡದಲ್ಲಿ ನೀರು ಕೂಡಿಡುತ್ತದೆ. ಲೋಳೆಸರ, ಕತ್ತಾಳೆ, ಸೆಡಮ್ ಎಲೆಯಲ್ಲಿ ಕೂಡಿಡುತ್ತವೆ. ನೀರಿನ ಬಿಂದಿಗೆ ಎಲೆಯಲ್ಲೇ ಇದೆ ಅಂದಮೇಲೆ ಮಣ್ಣಿನಲ್ಲೂ ಯಾವಾಗಲೂ ನೀರು ಇರಬೇಕಿಲ್ಲ, ಅಲ್ವಾ?

ಇನ್ನೊಂದು ಸಂಗತಿ ಇನ್ನೂ ಮುಖ್ಯ. ಮಾಮೂಲಿ ಗಿಡ ಹಗಲು ಎಲೆಯ ಸಣ್ಣ ರಂಧ್ರ ತೆರೆದು ಗಾಳಿ ಎಳೆದುಕೊಳ್ಳುತ್ತದೆ, ಆಗ ಎಲೆಯ ನೀರು ಆವಿಯಾಗಿ ಹೋಗುತ್ತದೆ. ಈ ರಸಭರಿತ ಗಿಡಗಳು ಹಗಲು ಬಾಗಿಲು ಹಾಕಿಕೊಂಡು ರಾತ್ರಿ ತೆರೆಯುತ್ತವೆ. ರಾತ್ರಿ ಎಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಹುಳಿ ರೂಪದಲ್ಲಿ ಎಲೆಯಲ್ಲಿ ಕೂಡಿಟ್ಟು, ಹಗಲು ಬಾಗಿಲು ಮುಚ್ಚಿಕೊಂಡು ಆಹಾರ ಮಾಡಿಕೊಳ್ಳುತ್ತವೆ. ಇದಕ್ಕೆ ಕ್ಯಾಮ್ (ಕ್ರ್ಯಾಸುಲೇಸಿಯನ್ ಆಸಿಡ್ ಮೆಟಬಾಲಿಸಂ) ವಿಧಾನ ಅನ್ನುತ್ತಾರೆ. ಕ್ರ್ಯಾಸುಲೇಸಿ ಎಂಬ ಕುಟುಂಬದಿಂದ ಬಂದ ಹೆಸರು, ಸೆಡಮ್ ಅದೇ ಕುಟುಂಬದ್ದು. ಹತ್ತಿ ಗಿರಣಿಗಳ ಊರಿನವರಿಗೆ ರಾತ್ರಿ ಪಾಳಿ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಕೆಲವು ಸೆಡಮ್ ಜಾತಿಗಳು ನೀರು ಸಾಕಷ್ಟು ಸಿಕ್ಕಾಗ ಹಗಲು ಪಾಳಿ ಮಾಡಿ, ನೀರು ಕಡಿಮೆಯಾದಾಗ ಮಾತ್ರ ರಾತ್ರಿ ಪಾಳಿಗೆ ಬದಲಾಗುತ್ತವೆ.

ನಮ್ಮ ಹಿತ್ತಲ ಕಾಡುಬಸಳೆಯೂ ಅದೇ ಕುಟುಂಬ. ಒಂದು ಕಾಲಕ್ಕೆ ಲಾಲ್‌ಬಾಗ್ ನೋಡಿಕೊಂಡಿದ್ದ ಬೆಂಜಮಿನ್ ಹೇನ್, ಅದರ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆ ಸ್ವಲ್ಪ ಕಹಿ ಅಂತ ಬರೆದದ್ದು 1815ರಲ್ಲೇ ಅಚ್ಚಾಗಿದೆ. ನೀವು ಸೆಡಮ್ ಎಲೆ ಅಗಿದು ನೋಡಲು ಹೋಗಬೇಡಿ.

ಈಗ ನಮ್ಮ ಊರಿನ ಕಷ್ಟ ನೋಡಿ. ರಾತ್ರಿ ಪಾಳಿ ಮಾಡುವ ಗಿಡಕ್ಕೆ ತಂಪು ರಾತ್ರಿ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ತಾರಸಿ ರಾತ್ರಿ ಹತ್ತಾದರೂ ಬಿಸಿ ಬಿಡುವುದಿಲ್ಲ. ಗಿಡದ ಕೆಲಸ ನಿಧಾನವಾಗುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಬೆಳೆಯದ ಗಿಡ ಹೆಚ್ಚು ನೀರು ಕುಡಿಯುವುದಿಲ್ಲ. ನಾವು ಮಾತ್ರ ಬಿಸಿಲು ನೋಡಿ ಮರುಗಿ ದಿನಾ ಹುಯ್ಯುತ್ತೇವೆ, ಆ ನೀರು ಬಿಸಿ ಮಣ್ಣಿನಲ್ಲಿ ನಿಂತು ಬೇರು ಕೊಳೆಸುತ್ತದೆ.

ಹಾಗಂತ ನಮ್ಮದು ಮರುಭೂಮಿಯೂ ಅಲ್ಲ. ವರ್ಷಕ್ಕೆ 250 ಮಿ.ಮೀ.ಗಿಂತ ಕಡಿಮೆ ಮಳೆ ಬೀಳುವ ಜಾಗವನ್ನು ಸಾಮಾನ್ಯವಾಗಿ ಮರುಭೂಮಿ ಅನ್ನುತ್ತಾರೆ. ಚಳ್ಳಕೆರೆ ಕಡೆ ಎಷ್ಟೇ ಒಣ ನೆಲ ಅಂದರೂ ಅದಕ್ಕಿಂತ ಜಾಸ್ತಿ ಮಳೆ ಆಗುತ್ತದೆ, ಅದರಲ್ಲೂ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಒಟ್ಟಿಗೆ ಸುರಿಯುತ್ತದೆ. ಬೇಸಿಗೆ ಗೆದ್ದ ಎಷ್ಟೋ ಗಿಡ ಆ ಎರಡು ತಿಂಗಳಲ್ಲಿ ಹೋಗುತ್ತವೆ.

## ಬೇಕಾದ ಸಾಮಾನು

ಐದಾರು ಇಂಚು ಅಗಲದ, ಆಳ ಕಡಿಮೆ ಇರುವ ಮಣ್ಣಿನ ಕುಂಡ. ತಳದಲ್ಲಿ ತೂತು ಇರಲೇಬೇಕು, ಕಿರುಬೆರಳು ಹೋಗುವಷ್ಟು. ಹೊರಗೆ ಆಯಿಲ್ ಪೇಂಟ್ ಬಳಿದ ಕುಂಡ ಬೇಡ, ಮಣ್ಣಿನ ಕುಂಡ ಗೋಡೆಯಿಂದಲೂ ತೇವ ಬಿಡುತ್ತದೆ, ಪೇಂಟ್ ಅದನ್ನು ಮುಚ್ಚುತ್ತದೆ.

ಇಟ್ಟಿಗೆ ಚೂರು, ದಪ್ಪ ಮರಳು, ಕೆಮ್ಮಣ್ಣು, ಎರೆಗೊಬ್ಬರ. ಒಂದು ಜರಡಿ, ಚೂಪಾದ ಕತ್ತರಿ, ಸ್ವಲ್ಪ ಸ್ಪಿರಿಟ್, ಒಂದು ಬಿದಿರು ಕಡ್ಡಿ, 50 ಪರ್ಸೆಂಟ್ ಹಸಿರು ನೆರಳು ಬಲೆ, ಕುಂಡ ಎತ್ತಿ ಇಡಲು ಎರಡೆರಡು ಇಟ್ಟಿಗೆ. ಇಷ್ಟು ಸಾಕು. ಮಣ್ಣು ಹಗುರ ಮಾಡಲು ಹಾಕುವ ಬಿಳಿ ಹರಳು, ಆ ದುಬಾರಿ ಪರ್ಲೈಟ್ ಇಲ್ಲದೆಯೂ ಆಗುತ್ತದೆ.

## ಹಂತ 1: ಸರಿಯಾದ ತಿಂಗಳು, ಸರಿಯಾದ ಗಿಡ

ನವೆಂಬರ್‌ನಿಂದ ಫೆಬ್ರವರಿ ಮಧ್ಯದವರೆಗೆ ಶುರು ಮಾಡಿ. ರಾತ್ರಿ ತಂಪು, ಹಗಲು ಹಿತವಾದ ಬಿಸಿಲು, ಮಳೆ ಕಡಿಮೆ. ಅದು ತಪ್ಪಿದರೆ ಜೂನ್, ಜುಲೈ ನಡೆಯುತ್ತದೆ. ಚಿತ್ರದುರ್ಗದಲ್ಲಿ ಆಗ ಗುಡ್ಡದ ಮೇಲಿನ ಗಾಳಿ ಯಂತ್ರ ತಿರುಗಿಸುವಷ್ಟು ಗಾಳಿ ಇರುತ್ತದೆ, ಮಣ್ಣು ಬೇಗ ಆರುತ್ತದೆ. ಮಾರ್ಚ್‌ನಿಂದ ಮೇವರೆಗೆ ಹೊಸ ಗಿಡ ತರಲೇಬೇಡಿ, ಎಷ್ಟೇ ಚೆಂದ ಕಂಡರೂ.

ಹೊಸಬರು ಜೆಲ್ಲಿ ಬೀನ್ ಸೆಡಮ್‌ನಿಂದ ಶುರು ಮಾಡಲಿ. ಎಲೆ ಕಡಲೆಕಾಳಿಗಿಂತ ಸ್ವಲ್ಪ ಉದ್ದ, ಬಿಸಿಲಿಗೆ ತುದಿ ಕೆಂಪಾಗುತ್ತದೆ, ತಪ್ಪು ಮಾಡಿದರೂ ಸ್ವಲ್ಪ ತಾಳಿಕೊಳ್ಳುತ್ತದೆ. ಡಾಂಕಿ ಟೇಲ್ ಎರಡನೇ ವರ್ಷಕ್ಕೆ ಇರಲಿ, ಅದರ ಎಲೆ ಕೈ ತಾಕಿದರೆ ಉದುರುತ್ತದೆ. ಸಣ್ಣ ತೆಳು ಎಲೆಯ, ನೆಲಕ್ಕೆ ಹಬ್ಬುವ ಹಳದಿ ಸೆಡಮ್‌ಗಳು ಬೇರೆ ಲೆಕ್ಕ. ಎಲೆ ತೆಳು ಅಂದರೆ ಬಿಂದಿಗೆ ಸಣ್ಣದು, ಅವಕ್ಕೆ ನೀರು ಸ್ವಲ್ಪ ಬೇಗ ಬೇಕು, ನೆರಳೂ ಬೇಕು. ಆಟಮ್ ಜಾಯ್ ಹೆಸರಿನದು ಕೊರೆಯುವ ಚಳಿಗಾಲ ಇರುವ ನಾಡಿನ ಗಿಡ, ನಮ್ಮ ಕಡೆ ದುಡ್ಡು ದಂಡ.

ನರ್ಸರಿಯಲ್ಲಿ ಗಿಡ ಎತ್ತಿ ಬುಡ ನೋಡಿ. ಕಾಂಡ ಗಟ್ಟಿ ಇರಬೇಕು. ಎಲೆ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ, ಬಿಟ್ಟುಬಿಡಿ. ಆದರೆ ಡಾಂಕಿ ಟೇಲ್ ಎಲೆ ಮೇಲೆ ಸಮವಾಗಿ ಹರಡಿದ ಬಿಳಿ ಪುಡಿ ಇರುತ್ತದೆ, ಅದು ರೋಗ ಅಲ್ಲ, ಬಿಸಿಲಿಗೆ ಗಿಡವೇ ಹೊದ್ದ ಮೇಣ. ಅದನ್ನು ಒರೆಸಬೇಡಿ, ಒರೆಸಿದ ಕಡೆ ಮತ್ತೆ ಬರುವುದಿಲ್ಲ.

## ಹಂತ 2: ಹತ್ತು ದಿನ ದೂರ ಇಡಿ

ತಂದ ಗಿಡವನ್ನು ಬೇರೆ ಗಿಡಗಳ ಹತ್ತಿರ ಇಡಬೇಡಿ. ನರ್ಸರಿಯ ನೆರಳು ಬಲೆ ಕೆಳಗಿದ್ದ ಗಿಡ, ಅದನ್ನು ನೆರಳಿನ ಬೆಳಕಲ್ಲಿ ಹತ್ತು ದಿನ ಬಿಡಿ, ನೀರು ಹಾಕಬೇಡಿ. ಈ ದಿನಗಳಲ್ಲಿ ಅದು ಬಂದ ಮಣ್ಣು ಒಣಗುತ್ತದೆ, ತಿಗಣೆ ಇದ್ದರೆ ಹೊರಬೀಳುತ್ತದೆ. ಇರುವೆ ಓಡಾಟ ಕಂಡರೆ ಎಲೆ ಸಂದಿಯನ್ನು ಇನ್ನೊಮ್ಮೆ ನೋಡಿ, ತಿಗಣೆಯ ಸಿಹಿ ಅಂಟಿಗೆ ಇರುವೆ ಬರುತ್ತದೆ.

## ಹಂತ 3: ಮಣ್ಣು ತಯಾರಿ

ಎಲ್ಲಕ್ಕಿಂತ ಜಾಸ್ತಿ ಸಮಯ ಇದಕ್ಕೆ ಕೊಡಿ. ಮಣ್ಣು ಸರಿ ಇದ್ದರೆ ನೀರಿನ ತಪ್ಪು ಅರ್ಧ ತಾನೇ ಸರಿಯಾಗುತ್ತದೆ.

ಅಳತೆ ಹೀಗೆ: ಎರಡು ಪಾಲು ಇಟ್ಟಿಗೆ ಚೂರು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಕೆಮ್ಮಣ್ಣು, ಅರ್ಧ ಪಾಲು ಜರಡಿ ಹಿಡಿದ ಎರೆಗೊಬ್ಬರ. ಇಟ್ಟಿಗೆಯನ್ನು ಕಡಲೆಕಾಳಿನಷ್ಟು ಕುಟ್ಟಿ, ಪುಡಿಯನ್ನು ಜರಡಿಯಲ್ಲಿ ತೆಗೆದು ಎಸೆಯಿರಿ. ಎಂ-ಸ್ಯಾಂಡ್ ಬಳಸುವವರು ಬಕೆಟ್ಟಿನಲ್ಲಿ ಹಾಕಿ ನೀರು ತಿಳಿಯಾಗುವವರೆಗೆ ತೊಳೆಯಿರಿ, ಅದರ ಕಲ್ಲುಪುಡಿ ಉಳಿದರೆ ಸಿಮೆಂಟಿನಂತೆ ಕುಂಡದಲ್ಲಿ ಗಟ್ಟಿಯಾಗಿ ಕೂರುತ್ತದೆ.

ದಾವಣಗೆರೆ ಸುತ್ತಿನ ಎರೆಮಣ್ಣು ಹತ್ತಿಗೆ ಬಂಗಾರ, ಸೆಡಮ್‌ಗೆ ವಿಷ. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿದು ಬೇರು ಹರಿಯುತ್ತದೆ. ಕೆಮ್ಮಣ್ಣೇ ತನ್ನಿ. ಅಕ್ಕಿ ಗಿರಣಿಯಿಂದ ಸುಟ್ಟ ಹೊಟ್ಟು ಸಿಕ್ಕರೆ, ಕಪ್ಪಗೆ ಇದ್ದಿಲಿನಂತೆ ಇರುವುದನ್ನು ಅರ್ಧ ಪಾಲು ಸೇರಿಸಬಹುದು, ಮಣ್ಣು ಹಗುರ ಆಗುತ್ತದೆ. ಬಿಳಿ ಬೂದಿ ಮಾತ್ರ ಬೇಡ, ಅದು ಕ್ಷಾರ.

ಪರೀಕ್ಷೆ ಎರಡು. ಮಿಶ್ರಣವನ್ನು ಒದ್ದೆ ಮಾಡಿ ಮುಷ್ಟಿಯಲ್ಲಿ ಒತ್ತಿ, ಕೈ ಬಿಚ್ಚಿ. ಉಂಡೆಯಾಗಿ ಕೂತರೆ ಇಟ್ಟಿಗೆ ಚೂರು ಇನ್ನೂ ಬೇಕು, ಪುಡಿಪುಡಿಯಾಗಿ ಬಿದ್ದರೆ ಸರಿ. ಆಮೇಲೆ ಖಾಲಿ ಕುಂಡಕ್ಕೆ ತುಂಬಿ ಒಂದು ಲೋಟ ನೀರು ಹುಯ್ದು ನೋಡಿ. ಮೇಲೆ ಕೆರೆ ಕಟ್ಟದೆ ಆಗಲೇ ತಳದಿಂದ ಇಳಿಯಬೇಕು. ಗಿಡ ನೆಡುವ ಮೊದಲು ಈ ಮಣ್ಣು ಮತ್ತೆ ಒಣಗಲಿ.

## ಹಂತ 4: ಕುಂಡ ತುಂಬುವುದು

ತಳದಲ್ಲಿ ಜಲ್ಲಿಯ ಪದರ ಹಾಕುವ ರೂಢಿ ಇದೆ. ಬೇಡ. ಸಣ್ಣ ಕಣದ ಮಣ್ಣಿನಿಂದ ನೀರು ದಪ್ಪ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ, ಜಲ್ಲಿಯ ಮೇಲೆಯೇ ಮಣ್ಣಿನಲ್ಲಿ ನಿಲ್ಲುತ್ತದೆ. ಅಂದರೆ ಒದ್ದೆ ಭಾಗ ಬೇರಿಗೆ ಇನ್ನೂ ಹತ್ತಿರ ಬಂತು ಅಷ್ಟೇ. ತೂತಿನ ಮೇಲೆ ಒಂದು ಹೆಂಚಿನ ಚೂರನ್ನು ಓರೆಯಾಗಿ ಇಡಿ, ಅದರ ಮೇಲೆ ಒಂದೇ ಮಿಶ್ರಣ ತುಂಬಿ.

ಕುಂಡದ ಕೆಳಗೆ ತಟ್ಟೆ ಇಡಬೇಡಿ. ಎರಡು ಇಟ್ಟಿಗೆ ಇಟ್ಟು ಎತ್ತಿ, ಗಾಳಿ ಆಡುತ್ತದೆ, ತಾರಸಿಯ ಕಾವೂ ನೇರ ತಾಕುವುದಿಲ್ಲ.

## ಹಂತ 5: ಗಿಡ ಬಿಡಿಸುವುದು, ಕಡ್ಡಿ ಕತ್ತರಿಸುವುದು

ನರ್ಸರಿ ಗಿಡ ಹೆಚ್ಚಾಗಿ ತೆಂಗಿನ ನಾರಿನ ಪುಡಿಯಲ್ಲಿ ಇರುತ್ತದೆ. ಅದು ನೀರು ಹಿಡಿದರೆ ಬಿಡುವುದಿಲ್ಲ, ಪೂರ್ತಿ ಒಣಗಿದರೆ ನೀರು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬೇರಿನ ಸುತ್ತಲ ಪುಡಿಯನ್ನು ಕೈಯಲ್ಲೇ ಮೆಲ್ಲಗೆ ಉದುರಿಸಿ. ಒಂದೆರಡು ಬೇರು ಹರಿದರೆ ಹೆದರಬೇಡಿ, ಆ ಗಾಯ ಮಾಯಲು ಗಿಡವನ್ನು ಎರಡು ದಿನ ಪೇಪರ್ ಮೇಲೆ ನೆರಳಲ್ಲಿ ಮಲಗಿಸಿ.

ಕಡ್ಡಿಯಿಂದ ಬೆಳೆಸುವವರು ಕತ್ತರಿಗೆ ಸ್ಪಿರಿಟ್ ಒರೆಸಿ, ಮೂರು ನಾಲ್ಕು ಇಂಚಿನ ತುದಿ ಕತ್ತರಿಸಿ, ಕೆಳಗಿನ ಒಂದು ಇಂಚಿನ ಎಲೆ ತೆಗೆಯಿರಿ. ಈಗ ಕಾಯಬೇಕು. ಮೂರರಿಂದ ಐದು ದಿನ ನೆರಳಲ್ಲಿ ಒಣಗಲಿ. ಕತ್ತರಿಸಿದ ಜಾಗ ಮೊದಲು ಹಸಿಯಾಗಿ ಹೊಳೆಯುತ್ತದೆ, ಆಮೇಲೆ ಮಂಕಾಗುತ್ತದೆ, ಕೊನೆಗೆ ಉಗುರಲ್ಲಿ ಮುಟ್ಟಿದರೆ ಗಾಯದ ಹೊಪ್ಪಳೆಯಂತೆ ಗಟ್ಟಿ ಸಿಗುತ್ತದೆ. ಆಗಷ್ಟೇ ನೆಡಿ. ಹಸಿ ಗಾಯ ಒದ್ದೆ ಮಣ್ಣಿಗೆ ಹೋದರೆ ಕೊಳೆತ ಅಲ್ಲಿಂದಲೇ ಹತ್ತುತ್ತದೆ. ಅರ್ಧ ಜನ ಸೋಲುವುದು ಈ ಮೂರು ದಿನ ಕಾಯಲಾಗದೆ.

ಬಿದ್ದ ಎಲೆಗಳನ್ನು ಎಸೆಯಬೇಡಿ. ಎಲೆಯ ಬುಡ ಪೂರ್ತಿ ಬಂದಿರಬೇಕು, ಅರ್ಧಕ್ಕೆ ಮುರಿದದ್ದು ಆಗುವುದಿಲ್ಲ. ಒಣ ಮಣ್ಣಿನ ಮೇಲೆ ಸುಮ್ನೆ ಮಲಗಿಸಿ, ನೆರಳಲ್ಲಿ ಬಿಡಿ. ಎರಡು ಮೂರು ವಾರಕ್ಕೆ ಬುಡದಲ್ಲಿ ನಸುಗೆಂಪು ನೂಲಿನಂಥ ಬೇರು, ಆಮೇಲೆ ಸಾಸಿವೆಯಷ್ಟು ಹಸಿರು ಮೊಗ್ಗು. ಬೇರು ಕಂಡ ಮೇಲೆ ಎರಡು ಮೂರು ದಿನಕ್ಕೊಮ್ಮೆ ಸಂಜೆ ಆ ಬೇರಿನ ಬುಡದ ಮಣ್ಣಿಗೆ ಮಾತ್ರ ಸ್ವಲ್ಪ ನೀರು ಚಿಮುಕಿಸಿ. ಹಳೆ ಎಲೆ ತಾನಾಗಿ ಸುರುಟಿ ಕಾಗದದಂತೆ ಆಗುವವರೆಗೆ ಕೀಳಬೇಡಿ, ಮರಿ ಅದನ್ನೇ ಉಂಡು ಬೆಳೆಯುತ್ತಿರುತ್ತದೆ.

## ಹಂತ 6: ನೆಡುವುದು, ಸುಮ್ಮನಿರುವುದು

ಒಣ ಮಣ್ಣಿನಲ್ಲಿ ನೆಡಿ. ಕಡ್ಡಿಯನ್ನು ನಿಲ್ಲುವಷ್ಟು ಆಳ ಮಾತ್ರ ಊರಿ, ಕೆಳಗಿನ ಎಲೆ ಮಣ್ಣಿಗೆ ತಾಕದಂತೆ ಬುಡದಲ್ಲಿ ಸಣ್ಣ ಕಲ್ಲು ಹರಡಿ. ಬೇರಿರುವ ಗಿಡಕ್ಕೆ ಐದು ದಿನ, ಬೇರಿಲ್ಲದ ಕಡ್ಡಿಗೆ ಹತ್ತು ದಿನ ನೀರು ಬೇಡ. ಎಲೆ ಸ್ವಲ್ಪ ಸುಕ್ಕಾಗುತ್ತದೆ, ಆಗಲಿ. ಎಲೆಯಲ್ಲಿ ಕೂಡಿಟ್ಟ ನೀರಿನಲ್ಲೇ ಅದು ಬೇರು ಬಿಡುತ್ತದೆ.

## ಹಂತ 7: ಬಿಸಿಲಿಗೆ ಒಗ್ಗಿಸುವುದು

ಮೊದಲ ವಾರ ಬೆಳಿಗ್ಗೆ ಒಂದು ಗಂಟೆ ಬಿಸಿಲು, ಎರಡನೇ ವಾರ ಎರಡು ಗಂಟೆ, ಆಮೇಲೆ ಹತ್ತೂವರೆವರೆಗಿನ ಬಿಸಿಲು. ಪೂರ್ವದ ಗೋಡೆ ಬದಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಪಶ್ಚಿಮದ ಬಿಸಿಲು ಬೇಡ, ನಾಲ್ಕು ಗಂಟೆಗೆ ಗೋಡೆ ಕಾದಿರುತ್ತದೆ, ಅದು ರಾತ್ರಿವರೆಗೂ ಗಿಡವನ್ನು ಕಾಯಿಸುತ್ತದೆ.

ತುದಿ ಕೆಂಪಾದರೆ ಒಳ್ಳೆಯದು. ಬಿಸಿಲ ಕಡೆಗೆ ಕಂದು ಕಲೆ ಬಿದ್ದು ಗಟ್ಟಿಯಾದರೆ ಸುಟ್ಟಿದೆ, ಆ ಕಲೆ ಮತ್ತೆ ಹೋಗುವುದಿಲ್ಲ, ಗಿಡವನ್ನು ಒಂದಡಿ ಒಳಗೆ ಸರಿಸಿ. ಎಲೆ ಎಲೆಗೂ ದೂರ ಹೆಚ್ಚಾಗಿ ಕಾಂಡ ಉದ್ದುದ್ದ ಸೊರಗಿದರೆ ಬೆಳಕು ಸಾಲದು. ಮನೆಯೊಳಗೆ ಟಿವಿ ಪಕ್ಕ ಇಟ್ಟ ಸೆಡಮ್‌ಗಳೆಲ್ಲ ಹೀಗೇ ಆಗುತ್ತವೆ.

## ಹಂತ 8: ನೀರು, ಈಗ

ವಾರದ ಲೆಕ್ಕ ಕೇಳಬೇಡಿ, ಎಲೆ ಕೇಳಿ. ಕೆಳಗಿನ ಒಂದು ಎಲೆಯನ್ನು ಎರಡು ಬೆರಳ ನಡುವೆ ಮೆಲ್ಲಗೆ ಒತ್ತಿ. ದ್ರಾಕ್ಷಿಯಂತೆ ಬಿಗಿ ಇದ್ದರೆ ನೀರು ಬೇಡ. ಮೆತ್ತಗೆ ಬಾಗಿ, ಮೇಲೆ ಸಣ್ಣ ಗೆರೆ ಬಿದ್ದಿದ್ದರೆ ಬಾಯಾರಿದೆ. ಆಗಲೂ ನೇರ ಹುಯ್ಯಬೇಡಿ, ಬಿದಿರು ಕಡ್ಡಿಯನ್ನು ತಳದವರೆಗೆ ಚುಚ್ಚಿ ಐದು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ಒಣಗಿದ್ದರೆ ಹುಯ್ಯಿರಿ.

ಎಲೆ ಸುಕ್ಕಾಗಿದೆ, ಕಡ್ಡಿ ಒದ್ದೆ ಬಂತು ಅಂದರೆ ಅಪಾಯ. ಬೇರು ಕೊಳೆತಿದೆ, ನೀರಿದ್ದರೂ ಕುಡಿಯಲಾಗುತ್ತಿಲ್ಲ. ಈ ಹೊತ್ತಲ್ಲಿ ಇನ್ನೊಂದು ಚೊಂಬು ಹಾಕಿದರೆ ಮುಗಿಯಿತು. ನೇರ ಹಂತ 10ಕ್ಕೆ ಹೋಗಿ.

ಹುಯ್ಯುವಾಗ ಪೂರ್ತಿ ಹುಯ್ಯಿರಿ, ತಳದಿಂದ ಇಳಿಯುವಷ್ಟು. ಬೇರು ಹಿಡಿದ ಗಿಡಕ್ಕೆ ದಿನಾ ಸ್ವಲ್ಪ ಚಿಮುಕಿಸುವುದು ಎಲ್ಲಕ್ಕಿಂತ ಕೆಟ್ಟ ರೂಢಿ, ಮೇಲಿನ ಅರ್ಧ ಇಂಚು ಮಾತ್ರ ನೆನೆದು ಬೇರು ಮೇಲಕ್ಕೇ ಬರುತ್ತದೆ, ಮೇಲಿನ ಮಣ್ಣಿಗೆ ಬಿಸಿಲು ಜಾಸ್ತಿ. ಎಲೆ ಮೇಲೆ ಬೇಡ, ಬುಡಕ್ಕೆ. ಬೇಸಿಗೆಯಲ್ಲಿ ರಾತ್ರಿ ಎಂಟರ ಮೇಲೆ, ಕುಂಡ ಮುಟ್ಟಿದರೆ ತಣ್ಣಗಿರುವಾಗ. ಚಳಿಯಲ್ಲಿ ಬೆಳಿಗ್ಗೆ.

ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ. ಮಳೆ ನೀರು ಎರಡು ಕ್ಯಾನ್ ಹಿಡಿದಿಟ್ಟರೆ ಒಂದಿಷ್ಟು ಕುಂಡಕ್ಕೆ ತಿಂಗಳುಗಟ್ಟಲೆ ಬರುತ್ತದೆ, ಇವು ಕುಡಿಯುವುದೇ ಅಷ್ಟು. ಆರ್‌ಓ ಯಂತ್ರ ಹೊರಹಾಕುವ ನೀರು ಹಾಕಬೇಡಿ, ಉಪ್ಪೆಲ್ಲ ಅದರಲ್ಲೇ ಸೇರಿರುತ್ತದೆ.

ಗೊಬ್ಬರ? ಡಿಸೆಂಬರಿನಲ್ಲಿ ಒಂದು ಚಮಚ ಎರೆಗೊಬ್ಬರ, ಮುಗಿಯಿತು. ಸೆಗಣಿ, ಯೂರಿಯಾ ಕೊಟ್ಟರೆ ಎಲೆ ಉಬ್ಬಿ ಮೆತ್ತಗಾಗಿ ಕೊಳೆಯುತ್ತದೆ.

## ಹಂತ 9: ಎರಡು ಗಂಡಾಂತರದ ಕಾಲ

ಮಾರ್ಚ್ ಮಧ್ಯದಿಂದ ಮೇ ಕೊನೆವರೆಗೆ ನೆರಳು ಬಲೆ ಕೆಳಗೆ, ಗಾಳಿ ಆಡುವ ಕಡೆ ಇಡಿ. ಕುಂಡ ಬದಲಿಸುವುದು, ಕತ್ತರಿಸುವುದು, ಗೊಬ್ಬರ ಯಾವುದೂ ಬೇಡ. ಗಿಡ ಬೆಳೆಯದೆ ನಿಂತಿರುತ್ತದೆ, ಅದು ಕಾಯಿಲೆ ಅಲ್ಲ.

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕಿಟಕಿ ಮೇಲಿನ ಸಜ್ಜಾ ಕೆಳಗೆ ಅಥವಾ ಪಾರದರ್ಶಕ ಶೀಟ್ ಕೆಳಗೆ ಸರಿಸಿ, ಬೆಳಕು ಬರಬೇಕು, ಮಳೆ ಬೀಳಬಾರದು. ಒಂದು ಮಳೆಗೆ ಏನೂ ಆಗುವುದಿಲ್ಲ. ಮೂರು ದಿನ ಬಿಡದೆ ಹಿಡಿದ ಮಳೆ, ಮೋಡ, ಅದು ಕೊಲ್ಲುತ್ತದೆ. ಹಿಟ್ಟು ತಿಗಣೆಯೂ ಈ ಹೊತ್ತಿಗೇ ನೋಡಿಕೊಳ್ಳಬೇಕು. ಕಂಡರೆ ಕಿವಿ ಹತ್ತಿ ಕಡ್ಡಿಗೆ ಸ್ಪಿರಿಟ್ ಅದ್ದಿ ಸಂಜೆ ಹೊತ್ತು ಒಂದೊಂದೇ ಮುಟ್ಟಿಸಿ, ನಾಲ್ಕು ದಿನ ಬಿಟ್ಟು ಮತ್ತೆ ನೋಡಿ. ಬೇವಿನೆಣ್ಣೆ ಸಿಂಪಡಿಸಿ ಬಿಸಿಲಿಗೆ ಇಟ್ಟರೆ ಎಲೆ ಸುಡುತ್ತದೆ.

## ಹಂತ 10: ಕೊಳೆತ ಗಿಡ ಉಳಿಸುವುದು

ಎಲೆ ಹಳದಿಯಾಗಿ, ಬೆಳಕಿಗೆ ಹಿಡಿದರೆ ಗಾಜಿನಂತೆ ಕಂಡು, ಮುಟ್ಟಿದರೆ ಉದುರಿದರೆ ಅದು ನೀರು ಜಾಸ್ತಿಯಾದ ಗುರುತು. ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಕಿತ್ತು ನೋಡಿ. ಬೇರು ಬಿಳಿ ಅಥವಾ ತಿಳಿ ಕಂದು ಇದ್ದರೆ ಎರಡು ದಿನ ಹೊರಗೆ ಒಣಗಿಸಿ ಹೊಸ ಒಣ ಮಣ್ಣಿಗೆ ಹಾಕಿದರೆ ಸಾಕು. ಕಪ್ಪಾಗಿ ಜಾರಿದರೆ ಬುಡ ಉಳಿಸುವ ಆಸೆ ಬಿಡಿ.

ತುದಿಯಿಂದ ಮೂರು ಇಂಚು ಚೆನ್ನಾಗಿದ್ದರೂ ಗಿಡ ಉಳಿಯುತ್ತದೆ. ಕಪ್ಪು ಮುಗಿದ ಜಾಗದಿಂದ ಒಂದು ಇಂಚು ಮೇಲೆ ಕತ್ತರಿಸಿ, ಕಾಂಡದ ಅಡ್ಡ ಕೊಯ್ತ ನೋಡಿ. ನಡುವೆ ಕಂದು ಚುಕ್ಕೆ ಅಥವಾ ಉಂಗುರ ಕಂಡರೆ ಕತ್ತರಿಗೆ ಮತ್ತೆ ಸ್ಪಿರಿಟ್ ಒರೆಸಿ ಇನ್ನೊಂದು ಸುತ್ತು ಮೇಲೆ ಕತ್ತರಿಸಿ, ಪೂರ್ತಿ ಹಸಿರು ಬಿಳುಪು ಸಿಗುವವರೆಗೆ. ಐದು ದಿನ ಒಣಗಿಸಿ. ಹಳೆ ಮಣ್ಣು ಬೇಡ, ಕುಂಡ ತಿಕ್ಕಿ ತೊಳೆದು ಬಿಸಿಲಿಗೆ ಇಟ್ಟು ಬಳಸಿ.

ನೆಟ್ಟ ಮೂರನೇ ವಾರ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ, ತೀರಾ ಮೆಲ್ಲಗೆ ಮೇಲಕ್ಕೆ ಎಳೆದು ನೋಡಿ. ಸಡಿಲವಾಗಿ ಬಂದರೆ ಹಾಗೇ ಮತ್ತೆ ಊರಿ ಇನ್ನೊಂದು ವಾರ ಬಿಡಿ. ಮಣ್ಣು ಹಿಡಿದುಕೊಂಡಂತೆ ಬೆರಳಿಗೆ ತಿಳಿದರೆ ಬೇರು ಬಂದಿದೆ. ಅವತ್ತು ರಾತ್ರಿ ಒಂದು ಲೋಟ ನೀರು ಕೊಡಿ.